ವಕೀಲ ರಾಘವಾಚಾರ್ಯರು, ನಟ ರಾಘವರು

ಹಗಲಿನಲ್ಲಿ ಹೊಟ್ಟೆಯ ಪಾಡಿಗೆ ಒಂದು ಉದ್ಯೋಗ, ಇಳಿಹೊತ್ತಿನಲ್ಲಿ ಮನಸ್ಸಿನ ಪಾಡಿಗೆ ಮತ್ತೊಂದು ಎಂದು ಎರಡು ಬಾಳನ್ನು ಒಟ್ಟಿಗೆ ಬಾಳುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಕಚೇರಿಯ ಕಡತವನ್ನು ಕಟ್ಟಿಟ್ಟು ಕಾಲ್ಚೆಂಡಿನ ಮೈದಾನಕ್ಕೆ ಓಡುವ ಗುಮಾಸ್ತೆ, ಪಾಠ ಮುಗಿಸಿ ಬಂದು ಬಯಲಾಟದ ಗೆಜ್ಜೆ ಕಟ್ಟುವ ಮೇಷ್ಟರು, ಅಂಗಡಿಯ ಬಾಗಿಲು ಹಾಕಿ ಹಾರ್ಮೋನಿಯಂ ಮುಂದೆ ಕೂಡುವ ಶೆಟ್ಟರು, ಇವರಿಲ್ಲದ ಊರು ಊರೇ ಅಲ್ಲ. ಆದರೆ ಅಂಥವರ ಹೆಸರು ಊರಿನ ಎಲ್ಲೆಯನ್ನು ದಾಟುವುದು ಅಪೂರ್ವ. ಹಾಗೆ ದಾಟಿ, ಮದರಾಸು ಬೆಂಗಳೂರುಗಳನ್ನು ಗೆದ್ದು, ಆ ಮೇಲೂ ಮಾರನೆಯ ಬೆಳಿಗ್ಗೆ ಕರಿಯ ಕೋಟು ತೊಟ್ಟು ತನ್ನ ಜಿಲ್ಲೆಯ ನ್ಯಾಯಾಲಯಕ್ಕೆ ಹಾಜರಾದವರು ಬಳ್ಳಾರಿಯ ತಾಡಪತ್ರಿ ರಾಘವಾಚಾರ್ಯರು.

ಬಳ್ಳಾರಿ ರಾಘವ ಎಂದರೆ ಇಂದಿಗೂ ರಂಗಭೂಮಿಯ ಹೆಸರೇ ಜನರ ನೆನಪಿಗೆ ಬರುತ್ತದೆ. ಅವರು ಸರ್ಕಾರದ ಪರವಾಗಿ ಕ್ರಿಮಿನಲ್ ಮೊಕದ್ದಮೆಗಳನ್ನು ನಡೆಸುತ್ತಿದ್ದ ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದರೆಂಬುದು, ಅನ್ನ ತಂದದ್ದು ನಾಟಕವಲ್ಲ, ವಕಾಲತ್ತು ಎಂಬುದು ಬಹು ಮಂದಿಗೆ ಮರೆತೇ ಹೋಗಿದೆ. ಅವರ ಜೀವನವನ್ನು ಬರೆಯುವವರೂ ಈ ಸಂಗತಿಯನ್ನು ಒಂದು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ನನಗಾದರೋ ಆ ಒಂದು ಸಾಲಿನಲ್ಲಿಯೇ ಅವರ ಕಲೆಯ ಗುಟ್ಟು ಅಡಗಿರುವಂತೆ ತೋರುತ್ತದೆ.

ಅವರು ಹುಟ್ಟಿದುದು ೧೮೮೦ನೆಯ ಇಸವಿ ಆಗಸ್ಟ್ ೨ರಂದು, ತಾಡಪತ್ರಿಯಲ್ಲಿ. ತಂದೆ ನರಸಿಂಹಾಚಾರ್ಯರು, ತಾಯಿ ಶೇಷಮ್ಮನವರು. ಇಂದು ತಾಡಪತ್ರಿ ಆಂಧ್ರದ ಅನಂತಪುರ ಜಿಲ್ಲೆಯ ಊರು. ಆದರೆ ಅನಂತಪುರವನ್ನು ಬಳ್ಳಾರಿಯಿಂದ ಬೇರ್ಪಡಿಸಿ ಹೊಸ ಜಿಲ್ಲೆಯಾಗಿ ಮಾಡಿದುದು ೧೮೮೨ರಲ್ಲಿ. ಹಾಗಾಗಿ ರಾಘವಾಚಾರ್ಯರು ಕಣ್ಣುಬಿಟ್ಟಾಗ ಅವರ ಜನ್ಮಸ್ಥಳವೂ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. ಮನೆಮಾತು ತೆಲುಗು, ಬೆಳೆದ ಊರಿನ ಬೀದಿಗಳಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಡೆಯುತ್ತಿದ್ದುವು. ಕಂಟೋನ್ಮೆಂಟಿನ ಇಂಗ್ಲಿಷು ಅದಕ್ಕೆ ನಾಲ್ಕನೆಯದಾಗಿ ಸೇರುತ್ತಿದ್ದಿತು.

ಆ ಕಾಲದ ಬಳ್ಳಾರಿಯ ನಾಟಕಪ್ರಪಂಚ ವಿಚಿತ್ರವಾದುದು. ಅದರ ಇಬ್ಬರು ದೊರೆಗಳೂ ವಕೀಲರೇ. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯರು (೧೮೫೩–೧೯೧೨). ಮತ್ತೊಬ್ಬರು ಕೋಲಾಚಲಂ ಶ್ರೀನಿವಾಸರಾಯರು (೧೮೫೪–೧೯೧೯). ಧಾರವಾಡದ ಕಡೆಯ ನಾಟಕ ಮಂಡಳಿಗಳು ಬಂದು ಆಡಿಹೋದ ಆಟಗಳ ಅಮಲು ಊರಿನ ವಿದ್ಯಾವಂತರ ತಲೆಗೆ ಏರಿದ್ದಿತು. ಧರ್ಮವರದವರು ಸರಸವಿನೋದಿನೀ ಸಭೆಯನ್ನು ಕಟ್ಟಿದರು. ಕೋಲಾಚಲದವರು ಸುಮನೋರಮಾ ಸಭೆಯನ್ನು ಕಟ್ಟಿದರು. ಮೊದಲನೆಯವರು ಪುರಾಣವಸ್ತುವನ್ನು ಹಾಡು ಪದ್ಯಗಳಿಂದ ತುಂಬಿ ಕೊಟ್ಟರೆ, ಎರಡನೆಯವರ ಒಲವು ಚರಿತ್ರೆಯ ಕಡೆಗೆ. ತೆಲುಗಿನಲ್ಲಿ ದುಃಖಾಂತ ನಾಟಕಕ್ಕೆ ದಾರಿ ತೋರಿದ 'ವಿಷಾದ ಸಾರಂಗಧರ' ಧರ್ಮವರದವರದು. ಜಗತ್ತಿನ ನಾಟಕದ ಇತಿಹಾಸವನ್ನೇ ಇಂಗ್ಲಿಷಿನಲ್ಲಿ ಬರೆಯಲು ಹೊರಟ ಸಾಹಸ ಕೋಲಾಚಲದವರದು. ಒಂದೇ ನ್ಯಾಯಾಲಯದ ಅಂಗಳದಲ್ಲಿ ಎದುರುಬದುರಾಗಿ ವಾದಿಸುತ್ತಿದ್ದ ಈ ಇಬ್ಬರು ಸಂಜೆಯಾದೊಡನೆ ಎರಡು ರಂಗಗಳ ಮೇಲೆ ಸ್ಪರ್ಧೆ ಮುಂದುವರಿಸುತ್ತಿದ್ದರು. ಪೈಪೋಟಿ ಇದ್ದುದು ನಿಜ. ಆ ಪೈಪೋಟಿಯ ಲಾಭ ಊರಿಗೆ ಸಂದುದೂ ನಿಜ.

ಧರ್ಮವರಂ ರಾಮಕೃಷ್ಣಮಾಚಾರ್ಯರು ರಾಘವಾಚಾರ್ಯರಿಗೆ ಸೋದರಮಾವ. ಹುಡುಗನಿಗೆ ಹನ್ನೆರಡು ವರ್ಷ ತುಂಬುವ ವೇಳೆಗೇ ನಾಟಕದ ಹುಚ್ಚು ಹಿಡಿದಿದ್ದಿತು. ಬಳ್ಳಾರಿಯಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಪಡೆದು, ೧೯೦೫ರಲ್ಲಿ ಅಲ್ಲಿಯ ಲಾ ಕಾಲೇಜಿನಿಂದ ಹೊರಬಿದ್ದು, ಮಾವನ ಕೈಕೆಳಗೆ ಕಿರಿಯ ವಕೀಲರಾಗಿ ಸೇರಿದರು. ಬಳ್ಳಾರಿಯಲ್ಲಿ ಶೇಕ್ಸ್‌ಪಿಯರ್ ಕ್ಲಬ್ಬೊಂದನ್ನು ಸ್ಥಾಪಿಸಿ ಇಂಗ್ಲಿಷ್ ನಾಟಕಗಳನ್ನೇ ಇಂಗ್ಲಿಷಿನಲ್ಲಿ ಆಡಿದರು. ಶೈಲಾಕ್, ಒಥೆಲೊ, ಹ್ಯಾಮ್ಲೆಟ್, ಮ್ಯಾಕ್‌ಬೆತ್ ಇವರೆಲ್ಲ ಬಳ್ಳಾರಿಯ ಬೇಸಗೆಯಲ್ಲಿ ಬೆವರಿದರು.

ವಕೀಲಿಯ ಆ ಬದುಕು ಎಂಥದೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ಬಳ್ಳಾರಿ ಜಿಲ್ಲೆ ಮದರಾಸು ಆಧಿಪತ್ಯದ ಭಾಗ. ಪೂರ್ವಕ್ಕೆ ಆಲೂರು, ಆದವಾನಿ, ರಾಯದುರ್ಗ. ಪಶ್ಚಿಮಕ್ಕೆ ಹೊಸಪೇಟೆಯನ್ನು ದಾಟಿದರೆ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ. ಹಗರಿಬೊಮ್ಮನಹಳ್ಳಿ ಆಗಿನ್ನೂ ತಾಲ್ಲೂಕಾಗಿರಲಿಲ್ಲ. ಕೊಟ್ಟೂರು ಕೂಡ್ಲಿಗಿಗೆ ಸೇರಿದ, ಬಸವೇಶ್ವರನ ತೇರಿಗೂ ವ್ಯಾಪಾರಕ್ಕೂ ಹೆಸರಾದ ಪಟ್ಟಣ. ಈ ಪಡುವಣ ತಾಲ್ಲೂಕುಗಳು ಅಪ್ಪಟ ಕನ್ನಡದ ಸೀಮೆ. ಎರೆಯ ಜೋಳ, ಕೆಂಪು ಮಸಾರಿ, ಮುಗಿಯದ ಬರ, ಹೊಲದ ಬದುವಿನ ವ್ಯಾಜ್ಯ, ನೀರಿನ ವ್ಯಾಜ್ಯ. ಬದುವಿನ ಮೇಲೆ ಎತ್ತಿದ ಕೊಡಲಿ ಕೆಲವೊಮ್ಮೆ ಎದುರಾಳಿಯ ಮೇಲೆಯೇ ಇಳಿಯುತ್ತಿದ್ದಿತು. ಕೊಲೆಯ ಮೊಕದ್ದಮೆಯ ಮೊದಲ ವಿಚಾರಣೆ ಮ್ಯಾಜಿಸ್ಟ್ರೇಟರ ಮುಂದೆ ನಡೆದು, ಅಲ್ಲಿಂದ ಸೆಷನ್ಸಿಗೆ ವಹಿಸಿದ ಮೇಲೆ ಕೈದಿಯೂ ಸಾಕ್ಷಿಗಳೂ ಬಳ್ಳಾರಿಗೆ ಬರಬೇಕಾಗಿದ್ದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜಿನ ಕವಲು ರೈಲು ಬಂದಿದ್ದಿತು. ಬುತ್ತಿ ಕಟ್ಟಿಕೊಂಡು, ಗಾಡಿ ಹೂಡಿಕೊಂಡು ಕೊಟ್ಟೂರಿಗೋ ಹಗರಿಬೊಮ್ಮನಹಳ್ಳಿಗೋ ಬಂದು ರೈಲು ಹಿಡಿದು, ಹೊಸಪೇಟೆಯಲ್ಲಿ ಇಳಿದು ಮತ್ತೆ ಹತ್ತಿ, ಆ ರೈತರು ಜಿಲ್ಲೆಯ ಮುಖ್ಯಸ್ಥಳವನ್ನು ಮುಟ್ಟುತ್ತಿದ್ದರು. ಕಟಕಟೆಯಲ್ಲಿ ನಿಂತಾಗ ಅವರ ಮಾತು ಕನ್ನಡ. ಆದವಾನಿಯ ಕಡೆಯವನದು ತೆಲುಗು ಇಲ್ಲವೆ ಉರ್ದು. ದಾಖಲೆ ಬರೆಯುವುದು ಇಂಗ್ಲಿಷಿನಲ್ಲಿ.

ಕ್ರಿಮಿನಲ್ ಕಾನೂನಿನಲ್ಲಿ ರಾಘವಾಚಾರ್ಯರಿಗೆ ಬೇಗನೆ ಹೆಸರು ಬಂದಿತು. ಸರ್ಕಾರ ಅವರನ್ನು ಪಬ್ಲಿಕ್ ಪ್ರಾಸಿಕ್ಯೂಟರರನ್ನಾಗಿ ನೇಮಿಸಿತು. ಸಾಕ್ಷಿಯ ಮುಖವನ್ನು ನೋಡುತ್ತ ಪ್ರಶ್ನೆ ಕೇಳುವುದು ಅವರ ದಿನನಿತ್ಯದ ಕಾಯಕವಾಯಿತು. ಸುಳ್ಳು ಹೇಳುವವನು ಎಲ್ಲಿ ಉಸಿರು ಹಿಡಿಯುತ್ತಾನೆ, ಮಗನನ್ನು ಕಳೆದುಕೊಂಡ ತಾಯಿ ಎಲ್ಲಿ ಮಾತು ನಿಲ್ಲಿಸುತ್ತಾಳೆ, ಶಿಕ್ಷೆಯನ್ನು ಕೇಳಿದವನ ಕೈ ಏನು ಮಾಡುತ್ತದೆ ಎಂಬುದನ್ನು ಅಷ್ಟು ಹತ್ತಿರದಿಂದ, ಅಷ್ಟು ವರ್ಷಗಳ ಕಾಲ ಕಂಡ ನಟ ಮತ್ತೊಬ್ಬನಿರಲಾರ. ಮೈಸೂರಿನ ವರದಾಚಾರ್ಯರು, ಗುಬ್ಬಿಯ ವೀರಣ್ಣನವರು ಮೊದಲಾದ ವೃತ್ತಿನಟರಿಗೆ ರಂಗವೇ ಗುರುಕುಲ. ರಾಘವರ ಗುರುಕುಲ ಕಟಕಟೆ ಎಂದು ನಾನು ಊಹಿಸುತ್ತೇನೆ. ಇದು ಊಹೆಯೇ. ಆದರೆ ಅವರ ಅಭಿನಯವನ್ನು ಕಂಡವರು ಬರೆದಿಟ್ಟುದು ಈ ಊಹೆಗೆ ಎದುರಾಡುವುದಿಲ್ಲ.

ಏಕೆಂದರೆ ರಾಘವರು ರಂಗಕ್ಕೆ ತಂದ ಹೊಸತು ಮಾತೇ ಹೊರತು ಹಾಡಲ್ಲ. ಅವರ ಕಾಲದಲ್ಲಿ ನಾಟಕವೆಂದರೆ ಸಂಗೀತ. ರಾಜ ಸತ್ತರೂ ರಾಗಾಲಾಪನೆ ಮಾಡಿಯೇ ಸಾಯಬೇಕು; ಸಭಿಕರು ಮತ್ತೊಮ್ಮೆ ಎಂದು ಕೂಗಿದರೆ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಸಾಯಬೇಕು. ಪದ್ಯವನ್ನು ಎಳೆದೆಳೆದು ಹಾಡುವವನೇ ದೊಡ್ಡ ನಟ. ರಾಘವರು ಹಾಡನ್ನು ಕಡಮೆ ಮಾಡಿದರು. ಪದ್ಯವನ್ನು ಭಾವಕ್ಕೆ ತಕ್ಕಂತೆ ಒಡೆದು ಮಾತಿನ ಹಾಗೆ ಹೇಳಿದರು. ಮೌನವನ್ನು ರಂಗದ ಮೇಲೆ ಧೈರ್ಯವಾಗಿ ನಿಲ್ಲಿಸಿದರು. ಕಂದಪದ್ಯ, ಕೀರ್ತನೆಗಳಿಂದ ತೆಲುಗು ನಾಟಕವನ್ನು ತುಂಬಿದವರ ಸೋದರಳಿಯನೇ ಅವನ್ನು ಹೊರಗೆ ಕಳಿಸಲು ನಿಂತುದು ಒಂದು ಸ್ವಾರಸ್ಯ. ಸಂಗೀತಪ್ರಿಯರಾದ ಪ್ರೇಕ್ಷಕರು ಇದನ್ನು ಸುಲಭವಾಗಿ ಒಪ್ಪಿದರೆಂದು ತಿಳಿಯಬಾರದು. ದುಡ್ಡು ಕೊಟ್ಟು ಹಾಡು ಕೇಳಲು ಬಂದವನಿಗೆ ಹಾಡಿಲ್ಲದ ನಾಟಕ ಉಪ್ಪಿಲ್ಲದ ಊಟ. ವೃತ್ತಿನಾಟಕದ ಯಜಮಾನನಾಗಿದ್ದರೆ ರಾಘವರು ಈ ಪ್ರಯೋಗವನ್ನು ಮೂರು ರಾತ್ರಿ ನಡೆಸುವುದೂ ಕಷ್ಟವಾಗುತ್ತಿದ್ದಿತು. ಪರದೆ, ಪೋಷಾಕು, ಹತ್ತಾರು ಮಂದಿಯ ಊಟದ ಖರ್ಚು ಅವರ ಕೈಯನ್ನು ಕಟ್ಟಿಹಾಕುತ್ತಿದ್ದುವು. ವಕೀಲಿ ಅವರ ಕಲೆಗೆ ಕೊಟ್ಟ ದೊಡ್ಡ ಕಾಣಿಕೆ ಇದು: ಪ್ರೇಕ್ಷಕನಿಗೆ ಹೆದರದಿರುವ ಸ್ವಾತಂತ್ರ್ಯ. ಅವರು ನಟನೆಗೆ ಸಂಭಾವನೆ ಮುಟ್ಟಲಿಲ್ಲ. ತಮ್ಮ ಗಳಿಕೆಯನ್ನೇ ನಾಟಕಕ್ಕೆ ಸುರಿದರು. ಸಂಘ ಸಂಸ್ಥೆಗಳ ಸಹಾಯಾರ್ಥವಾಗಿ ಎಷ್ಟೋ ಆಟಗಳನ್ನು ಆಡಿಕೊಟ್ಟರು.

ಇಂಥವರನ್ನು ಕನ್ನಡದಲ್ಲಿ ಆಗ ವಿಲಾಸಿಗಳೆಂದು ಕರೆಯುತ್ತಿದ್ದರು. ಪದ ಒಳ್ಳೆಯದಲ್ಲ. ಬಿಡುವುಳ್ಳವನು ಹೊತ್ತು ಕಳೆಯಲು ಆಡುತ್ತಾನೆಂಬ ಧ್ವನಿ ಅದರಲ್ಲಿದೆ. ಹವ್ಯಾಸಿ ಎಂಬ ಮುಂದಿನ ಮಾತೂ ಅಷ್ಟೇನೂ ಉತ್ತಮವಲ್ಲ. ರಾತ್ರಿಯೆಲ್ಲ ಬಣ್ಣದಲ್ಲಿದ್ದು, ಬೆಳಗಾದರೆ ಒಬ್ಬನ ಪ್ರಾಣ ಉಳಿಯುವ ಅಥವಾ ಹೋಗುವ ಮೊಕದ್ದಮೆಯ ಕಾಗದಗಳನ್ನು ಓದಬೇಕಾದ ಮನುಷ್ಯನಿಗೆ ವಿಲಾಸವೆಲ್ಲಿ ಬಂತು?

ಅವರ ಪಾತ್ರಗಳಲ್ಲಿ ಜನ ಹೆಚ್ಚು ನೆನೆಯುವುದು ಪಠಾಣ ರುಸ್ತುಮನನ್ನು. ವಿಜಯನಗರದ ಪತನವನ್ನು ಕುರಿತ ಕೋಲಾಚಲಂ ಶ್ರೀನಿವಾಸರಾಯರ ರಾಮರಾಜ ಚರಿತ್ರೆಯ ನಾಟಕದಲ್ಲಿ ಈ ಪಾತ್ರ ಬರುತ್ತದೆ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಧರ್ಮವರದವರ ಸೋದರಳಿಯ ಪ್ರತಿಪಕ್ಷದ ಕವಿಯ ನಾಟಕದಲ್ಲಿ ಪಾತ್ರ ವಹಿಸಿದುದು. ಊರಿನ ಎರಡು ಬಣಗಳ ನಡುವಿನ ಗೋಡೆ ಅವರಿಗೆ ಅಡ್ಡಿಯಾಗಲಿಲ್ಲ. ಎರಡನೆಯದಾಗಿ, ೧೫೬೫ರಲ್ಲಿ ಹಾಳಾದ ಆ ಪಟ್ಟಣ ಇದ್ದುದು ಅದೇ ಜಿಲ್ಲೆಯ ಹೊಸಪೇಟೆಯ ಬಳಿ. ಕೂಡ್ಲಿಗಿ, ಹಡಗಲಿಗಳ ಜನಕ್ಕೆ ಹಂಪೆಯೆಂದರೆ ಪುಸ್ತಕದ ಮಾತಲ್ಲ, ಜಾತ್ರೆಗೆ ಹೋದಾಗ ಕಣ್ಣಾರೆ ಕಂಡ ಮುರಿದ ಕಲ್ಲು. ಅಂಥ ನೆಲದಲ್ಲಿ, ರಾಮರಾಜನ ಕಥೆಯನ್ನು ಹೇಳುವ ನಾಟಕದಲ್ಲಿ, ಒಬ್ಬ ಶ್ರೀವೈಷ್ಣವ ಬ್ರಾಹ್ಮಣ ವಕೀಲ ಪಠಾಣನ ಪಾತ್ರವನ್ನು ವಹಿಸಿ ನಾಟಕವನ್ನೇ ತನ್ನದಾಗಿ ಮಾಡಿಕೊಂಡುದು ಸಣ್ಣ ಸಾಧನೆಯಲ್ಲ. ಜನ ರಾಮರಾಜನನ್ನಲ್ಲ, ಪಠಾಣನನ್ನು ನೋಡಲು ಬರುತ್ತಿದ್ದರು. ಹಿರಣ್ಯಕಶಿಪು, ದುರ್ಯೋಧನ, ಹರಿಶ್ಚಂದ್ರ, ದುಷ್ಯಂತ, ಚಾಣಕ್ಯ ಎಂದು ಪಟ್ಟಿಯನ್ನು ಬೆಳೆಸಬಹುದು, ಬೇಡ.

ಬೆಂಗಳೂರಿಗೂ ಅವರಿಗೂ ಗಾಢವಾದ ನಂಟು. ಅಲ್ಲಿಯ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ವಿದ್ಯಾವಂತ ನಟರ ಕೂಟ. ಕೈಲಾಸಂ ಅವರೂ ಆ ವಲಯದವರೇ. ೧೯೧೯ರಲ್ಲಿ ಕವಿ ರವೀಂದ್ರನಾಥ ಠಾಕೂರರು ಬೆಂಗಳೂರಿಗೆ ಬಂದಿದ್ದಾಗ ರಾಘವರ ಅಭಿನಯವನ್ನು ಕಂಡು ಮೆಚ್ಚಿದರು. ಕೈಲಾಸಂ ಹೆಸರು ಬಂದುದರಿಂದ ಒಂದು ಮಾತು. ಅವರೂ ಸರ್ಕಾರಿ ಉದ್ಯೋಗದಲ್ಲಿದ್ದವರು. ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲಸ ಮಾಡಿ, ಅದು ಒಗ್ಗದೆ ಬಿಟ್ಟು ಹೊರಬಂದರು. ಬಂದ ಮೇಲೆ ಅವರು ನಾಟಕಕ್ಕೇ ಸಂದರು, ಬಡತನಕ್ಕೂ ಸಂದರು. ರಾಘವರು ಕೆಲಸವನ್ನು ಬಿಡಲಿಲ್ಲ. ಇಬ್ಬರಲ್ಲಿ ಯಾರ ದಾರಿ ಸರಿಯೆಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಕೈಲಾಸಂ ನಾಟಕಗಳು ಅಚ್ಚಿನಲ್ಲಿ ಉಳಿದುವು. ರಾಘವರದು ನಟನ ಕಲೆ, ಪರದೆ ಬಿದ್ದೊಡನೆ ಅದಕ್ಕೆ ಮರಣ.

೧೯೨೭ರಲ್ಲಿ ಮಹಾತ್ಮಾ ಗಾಂಧಿಯವರು ಆರೋಗ್ಯ ಸುಧಾರಿಸಿಕೊಳ್ಳಲು ನಂದಿಬೆಟ್ಟ, ಬೆಂಗಳೂರುಗಳಲ್ಲಿ ತಂಗಿದ್ದರು. ಆಗ ರಾಘವರು ಅವರ ಮುಂದೆ 'ದೀನಬಂಧು ಕಬೀರ್' ನಾಟಕವನ್ನು ಹಿಂದಿಯಲ್ಲಿ ಆಡಿದರು. ಸ್ವಲ್ಪ ಹೊತ್ತು ಮಾತ್ರ ಕುಳಿತಿರುವುದೆಂದು ಗೊತ್ತಾಗಿದ್ದಿತು. ಪ್ರಾರ್ಥನೆಯ ಹೊತ್ತು ಮೀರುತ್ತಿದೆಯೆಂದು ಜೊತೆಯವರು ನೆನಪಿಸಿದಾಗ, ಪ್ರಾರ್ಥನೆ ಇಲ್ಲಿಯೇ ನಡೆಯುತ್ತಿದೆಯಲ್ಲವೇ ಎಂಬರ್ಥದ ಮಾತನ್ನಾಡಿ ಗಾಂಧಿಯವರು ಕುಳಿತೇ ಇದ್ದರೆಂದು ಹೇಳುತ್ತಾರೆ. ಆಟ ನೋಡುವುದರಲ್ಲಿ ಅಷ್ಟೇನೂ ಆಸಕ್ತಿಯಿಲ್ಲದ ಆ ಮಹಾಪುರುಷರನ್ನು ಕುಳ್ಳಿರಿಸಿದುದು ನೇಯ್ಗೆಯವನಾದ ಕಬೀರನ ಕಥೆಯೋ, ರಾಘವರ ನಟನೆಯೋ, ಎರಡೂ ಇರಬೇಕು. ಕಬೀರನೂ ಹಗಲು ಮಗ್ಗದಲ್ಲಿ ದುಡಿದು ಬಿಡುವಿನಲ್ಲಿ ಹಾಡಿದವನೇ ತಾನೆ!

ಮುಂದಿನ ವರ್ಷ, ೧೯೨೮ರಲ್ಲಿ, ರಾಘವರು ಇಂಗ್ಲೆಂಡಿಗೆ ಹೋದರು. ಅಲ್ಲಿಯ ನಾಟಕಶಾಲೆಗಳನ್ನು ಕಂಡರು; ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು; ಯೂರೋಪಿನ ಇತರ ದೇಶಗಳ ರಂಗಭೂಮಿಯನ್ನೂ ನೋಡಿ ಬಂದರು. ನಲವತ್ತೇಳು ವರ್ಷದ ವಕೀಲ, ಕಕ್ಷಿಗಾರರನ್ನು ಬಿಟ್ಟು, ನಾಟಕ ನೋಡಲೆಂದು ಹಡಗು ಹತ್ತಿದುದನ್ನು ಬಳ್ಳಾರಿಯ ಬಾರ್ ರೂಮು ಹೇಗೆ ಮಾತಾಡಿಕೊಂಡಿತೋ!

ಹಿಂತಿರುಗಿದ ಮೇಲೆ ಅವರ ಮನಸ್ಸು ಪುರಾಣ ಚರಿತ್ರೆಗಳನ್ನು ಬಿಟ್ಟು ಸಾಮಾಜಿಕ ನಾಟಕದ ಕಡೆಗೆ ಹೆಚ್ಚು ಹೆಚ್ಚಾಗಿ ತಿರುಗಿತು. ಮದರಾಸಿನ ಯುವಕ ವಕೀಲ ಪಿ. ವಿ. ರಾಜಮನ್ನಾರರು ಬರೆದ 'ತಪ್ಪೆವರಿದಿ', ಎಂದರೆ ತಪ್ಪು ಯಾರದು, ಎಂಬ ತೆಲುಗು ನಾಟಕವನ್ನು ರಂಗಕ್ಕೆ ತಂದರು. ಕಿರೀಟವಿಲ್ಲ, ಗದೆಯಿಲ್ಲ, ನಮ್ಮ ನಿಮ್ಮ ಮನೆಯ ಗಂಡ ಹೆಂಡಿರು. ಮುಂದೆ ಮದರಾಸು ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ, ೧೯೫೩ರಲ್ಲಿ ಆರಂಭವಾದ ಸಂಗೀತ ನಾಟಕ ಅಕಾಡೆಮಿಯ ಮೊದಲ ಅಧ್ಯಕ್ಷರಾದ ರಾಜಮನ್ನಾರರೂ ಈ ಎರಡು ಬಾಳಿನವರ ಗುಂಪಿಗೆ ಸೇರಿದವರೇ. ಇಂಥ ನಾಟಕಗಳಲ್ಲಿ ಮೀಸೆ ಬೋಳಿಸಿದ ಗಂಡಸು ಹೆಂಡತಿಯಾಗಿ ಬಂದರೆ ನಗೆಪಾಟಲು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ರಾಘವರು ಹಠ ಹಿಡಿದರು. ರಂಗಕ್ಕೆ ಬರುವ ಹೆಣ್ಣನ್ನು ಊರು ಬೇರೊಂದು ಕಣ್ಣಿನಿಂದ ನೋಡುತ್ತಿದ್ದ ಕಾಲ ಅದು. ಗೌರವಸ್ಥ ಮನೆತನದ, ಓದಿದ ಹೆಣ್ಣುಮಕ್ಕಳನ್ನು ಒಪ್ಪಿಸಿ ಕರೆತಂದು, ತಾವೇ ತರಬೇತಿ ಕೊಟ್ಟು, ತಮ್ಮ ಜೊತೆಗೆ ರಂಗದ ಮೇಲೆ ನಿಲ್ಲಿಸಿದರು. ಇಲ್ಲಿಯೂ ಅವರ ಉದ್ಯೋಗದ ಮರ್ಯಾದೆ ನೆರವಾಗಿರಬೇಕು. ಜಿಲ್ಲೆಯ ಸರ್ಕಾರಿ ವಕೀಲರ ತಂಡಕ್ಕೆ ಮಗಳನ್ನು ಕಳಿಸುವುದು ತಂದೆಗೆ ಸ್ವಲ್ಪ ಸುಲಭ.

ಆ ಮರ್ಯಾದೆಗೆ ಇನ್ನೊಂದು ಮುಖವಿದ್ದಿತು. ೧೯೩೩ರಲ್ಲಿ ಸರ್ಕಾರ ಅವರಿಗೆ ರಾವ್ ಬಹಾದ್ದೂರ್ ಬಿರುದನ್ನು ಕೊಟ್ಟಿತು. ಕಾಯಿದೆಭಂಗದ ಚಳವಳಿಯಲ್ಲಿ ಸಹಸ್ರಾರು ಮಂದಿ ಸೆರೆಮನೆ ಸೇರಿದ್ದ ದಿನಗಳವು. ಬಳ್ಳಾರಿಯ ಜೈಲುಗಳು ದಕ್ಷಿಣದ ರಾಜಕೀಯ ಕೈದಿಗಳಿಗೆ ಚಿರಪರಿಚಿತವಾಗಿದ್ದುವು. ಗಾಂಧಿಯವರ ಮುಂದೆ ಕಬೀರನಾದವರು ಆರು ವರ್ಷಗಳ ಮೇಲೆ ಅದೇ ಸರ್ಕಾರದ ಬಿರುದನ್ನು ಧರಿಸಿದುದನ್ನು ಕೆಲವರು ಇಂದು ಮುಚ್ಚಿಡುತ್ತಾರೆ, ಕೆಲವರು ಹೆಮ್ಮೆಯಿಂದ ಹೆಸರಿನ ಮುಂದೆ ಬರೆಯುತ್ತಾರೆ. ಎರಡೂ ಬೇಕಿಲ್ಲ. ಸರ್ಕಾರದ ಅನ್ನವುಂಡು ನಾಡಿನ ಕಲೆಗೆ ದುಡಿದ ಒಂದು ತಲೆಮಾರಿನ ಇಕ್ಕಟ್ಟು ಅದು. ರಾಘವರು ಅದರಿಂದ ಹೊರಗಿರಲಿಲ್ಲ.

ಮಾತನಾಡುವ ಚಲಚ್ಚಿತ್ರ ಬಂದಾಗ ಅವರಿಗೆ ಐವತ್ತು ದಾಟಿದ್ದಿತು. ೧೯೩೬ರ 'ದ್ರೌಪದೀ ಮಾನಸಂರಕ್ಷಣಂ' ಚಿತ್ರದಲ್ಲಿ ದುರ್ಯೋಧನನಾದರು. ಅದೇ ಕಥೆಯ ಇನ್ನೊಂದು ತೆಲುಗು ಚಿತ್ರ ಅದೇ ವರ್ಷ ಪೈಪೋಟಿಗೆ ಬಂದು ಗೆದ್ದಿತು. ರಾಘವರ ಚಿತ್ರ ಸೋತಿತು. ರಂಗದ ಸಾಮ್ರಾಟರು ಬೆಳ್ಳಿತೆರೆಯಲ್ಲಿ ಎಡವಿದರೆಂದು ಜನ ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ಮೂರು ವರ್ಷಗಳ ಮೇಲೆ, ೧೯೩೯ರಲ್ಲಿ, ಗೂಡವಲ್ಲಿ ರಾಮಬ್ರಹ್ಮಂ ಅವರು 'ರೈತುಬಿಡ್ಡ' ಚಿತ್ರವನ್ನು ತೆಗೆದರು. ಜಮೀನ್ದಾರರ ದಬ್ಬಾಳಿಕೆಗೆ ಸಿಕ್ಕ ರೈತ ನರಸಿರೆಡ್ಡಿಯಾಗಿ ರಾಘವರು ನಟಿಸಿದರು. ಜಮೀನ್ದಾರರು ಸಿಡಿದೆದ್ದರು; ಕೆಲವೆಡೆಗಳಲ್ಲಿ ಚಿತ್ರಕ್ಕೆ ನಿಷೇಧ ಬಿದ್ದಿತು. ರಾವ್ ಬಹಾದ್ದೂರರು ಸಾಲಗಾರ ರೈತನಾಗಿ ತೆರೆಯ ಮೇಲೆ ಬಂದಾಗ, ಕೂಡ್ಲಿಗಿ ಹರಪನಹಳ್ಳಿಗಳಿಂದ ಬಂದು ತಮ್ಮ ಕಣ್ಣೆದುರು ಕೈಮುಗಿದು ನಿಂತಿದ್ದ ಎಷ್ಟು ಮಂದಿಯ ನಿಲುವು, ನೋಟ, ತೊದಲು ಆ ಪಾತ್ರಕ್ಕೆ ಒದಗಿದ್ದೀತು ಎಂದು ಎಣಿಸದೆ ಇರಲಾಗುವುದಿಲ್ಲ. ೧೯೪೦ರಲ್ಲಿ 'ಚಂಡಿಕಾ' ಚಿತ್ರದಲ್ಲಿಯೂ ಅವರು ಕಾಣಿಸಿಕೊಂಡರು. ಚಲಚ್ಚಿತ್ರ ಅವರ ಮನೆಯಾಗಲಿಲ್ಲ.

೧೯೪೬ರ ಏಪ್ರಿಲ್ ೧೬ರಂದು ರಾಘವಾಚಾರ್ಯರು ತೀರಿಕೊಂಡರು. ಅರವತ್ತೈದು ವರ್ಷ ತುಂಬಿದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಕೈಲಾಸಂ ಅವರೂ ಹೋದರು.

ಅವರು ಹೋದ ಏಳು ವರ್ಷಗಳಿಗೆ ಬಳ್ಳಾರಿ ಯಾರದೆಂಬ ಪ್ರಶ್ನೆ ಬೀದಿಗೆ ಬಂದಿತು. ೧೯೫೩ರ ಅಕ್ಟೋಬರ್ ೧ರಂದು ಆಲೂರು, ಆದವಾನಿ, ರಾಯದುರ್ಗಗಳು ಆಂಧ್ರಕ್ಕೆ ಹೋದುವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸೊಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಮೈಸೂರು ಸಂಸ್ಥಾನಕ್ಕೆ ಬಂದುವು. ಮನೆಮಾತು ತೆಲುಗಾಗಿ, ಆಡಿದ ನಾಟಕಗಳಲ್ಲಿ ಬಹುಪಾಲು ತೆಲುಗಾಗಿ, ಕನ್ನಡ, ಹಿಂದಿ, ಇಂಗ್ಲಿಷುಗಳಲ್ಲಿಯೂ ಬಣ್ಣ ಹಚ್ಚಿದ ರಾಘವರನ್ನು ಯಾವ ಪಾಲಿಗೆ ಹಾಕುವುದು? ಆಂಧ್ರದವರು ತಮ್ಮ ರಂಗಭೂಮಿಯ ಪಿತೃಗಳಲ್ಲಿ ಅವರನ್ನು ಎಣಿಸುತ್ತಾರೆ. ಬಳ್ಳಾರಿಯವರು ತಮ್ಮ ಊರಿನ ನಾಟಕಮಂದಿರಕ್ಕೆ ರಾಘವ ಕಲಾಮಂದಿರವೆಂದು ಹೆಸರಿಟ್ಟರು. ಅವರ ಹೆಸರಿನ ಸಂಸ್ಥೆಯನ್ನೂ ಕಟ್ಟಿದರು. ೧೯೮೧ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು.

ಗಡಿಗಳು ಆ ಮೇಲೆಯೂ ಸರಿದುವು. ಹರಪನಹಳ್ಳಿ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನು ಸೇರಿಸಿ ವಿಜಯನಗರವೆಂಬ ಹೊಸ ಜಿಲ್ಲೆಯನ್ನು ಮಾಡಿದರು. ರಾಘವರು ಪಠಾಣನಾಗಿ ಯಾವ ಪಟ್ಟಣದ ನಾಶದ ಕಥೆಯನ್ನು ಆಡಿದರೋ ಅದೇ ಪಟ್ಟಣದ ಹೆಸರು ಈಗ ಅವರ ಹಳೆಯ ಸಾಕ್ಷಿಗಳ ಮೊಮ್ಮಕ್ಕಳ ವಿಳಾಸದಲ್ಲಿ ಸೇರಿದೆ.